ಹಳೇ ಪುಸ್ತಕದವರನ್ನು ಜನ ನಡೆಯುವ ದಾರಿಯಲ್ಲೇ ಇರಲು ಬಿಡಿ

ಬೆಂಗಳೂರಿನ ನಗರ ಪಾಲಿಕೆಗಳ ಆಯುಕ್ತರಿಗೆ, ಪಟ್ಟಣ ವ್ಯಾಪಾರ ಸಮಿತಿಗಳ ಸದಸ್ಯರಿಗೆ, ಜೊತೆಗೆ ಈ ಊರಿನ ಓದುಗರಿಗೆ ನಮಸ್ಕಾರ.

ನಾನು ಅವೆನ್ಯೂ ರಸ್ತೆ ಕಡೆ ಫುಟ್‌ಪಾತ್ ಮೇಲೆ ಹಳೇ ಪುಸ್ತಕ ಮಾರುವವನು. ನಮ್ಮ ತಂದೆಯೂ ಇದೇ ಕಸುಬು ಮಾಡಿದವರು. ಈ ಪತ್ರದಲ್ಲಿ ನಾನು ಮುಖ್ಯವಾಗಿ ಕೇಳುತ್ತಿರುವುದು ಒಂದೇ. ಬೀದಿ ವ್ಯಾಪಾರಕ್ಕೆ ಜಾಗ ಗುರುತು ಮಾಡುವಾಗ ಪುಸ್ತಕದವರನ್ನು ಜನ ಓಡಾಡುವ ದಾರಿಯಿಂದ ಆಚೆ ಕಳಿಸಬೇಡಿ. ಫ್ಲೈಓವರ್ ಕೆಳಗೋ, ಪಾರ್ಕಿಂಗ್ ಜಾಗದ ಹಿಂದೋ ಒಂದು ಶೆಡ್ ಹಾಕಿಕೊಟ್ಟರೆ ಬೇರೆ ಕೆಲವು ವ್ಯಾಪಾರ ನಡೆಯಬಹುದು. ನಮ್ಮದು ನಡೆಯುವುದಿಲ್ಲ.

ತರಕಾರಿ ಬೇಕಾದವರು ಎರಡು ಬೀದಿ ದಾಟಿಯಾದರೂ ಹೋಗಿ ತರುತ್ತಾರೆ. ರಾತ್ರಿ ಅಡುಗೆ ಆಗಲೇಬೇಕಲ್ಲ. ಆದರೆ ಅಚ್ಚು ನಿಂತು ಎಷ್ಟೋ ವರ್ಷವಾದ ಒಂದು ಕಥಾಸಂಕಲನ ಬೇಕು ಅಂತ ಯಾರೂ ಬೆಳಿಗ್ಗೆ ಎದ್ದು ಮನೆಯಿಂದ ಹೊರಡುವುದಿಲ್ಲ. ಅದು ಕಣ್ಣಿಗೆ ಬಿದ್ದ ಮೇಲೇ ಬೇಕು ಅನ್ನಿಸುವುದು. ಪಟ್ಟಿ ಹಿಡಿದುಕೊಂಡು ಬರುವವರೂ ಇದ್ದಾರೆ, ಇಲ್ಲ ಅನ್ನುವುದಿಲ್ಲ. ಜೂನ್, ಜುಲೈನಲ್ಲಿ ಪಿಯುಸಿ, ಸಿಇಟಿ, ಎಂಜಿನಿಯರಿಂಗ್ ಪುಸ್ತಕಕ್ಕೆ ಬರುವ ಮಕ್ಕಳು, ಅವರ ಅಪ್ಪ ಅಮ್ಮ. ನಮ್ಮ ವರ್ಷದ ಖರ್ಚು ಬಹುಪಾಲು ಆ ವ್ಯಾಪಾರದಲ್ಲೇ ಹುಟ್ಟುವುದು. ಉಳಿದ ತಿಂಗಳಲ್ಲಿ ನಮ್ಮನ್ನು ಸಾಕುವವರು ಬೇರೆ ಕೆಲಸಕ್ಕೆ ಹೊರಟು, ದಾರಿಯಲ್ಲಿ ನಿಂತವರು.

ಸಂಜೆ ಐದರ ಮೇಲೆ ಬಂದು ನೋಡಿ. ಮಾರ್ಕೆಟ್ ಬಸ್ಸಿಗೆ ಹೋಗುವವರು ಬೇಗಬೇಗ ನಡೆಯುತ್ತಿರುತ್ತಾರೆ. ಅವರಲ್ಲಿ ಒಬ್ಬರ ನಡಿಗೆ ನಿಧಾನವಾಗುತ್ತದೆ. ತಕ್ಷಣ ನಿಲ್ಲುವುದಿಲ್ಲ. ನಡೆಯುತ್ತಲೇ ಪುಸ್ತಕದ ಬೆನ್ನ ಮೇಲಿನ ಹೆಸರು ಓದುತ್ತಾರೆ. ನಾಲ್ಕು ಹೆಜ್ಜೆ ಮುಂದೆ ಹೋಗಿ ವಾಪಸ್ ಬರುತ್ತಾರೆ. ಊಟದ ಡಬ್ಬಿಯ ಚೀಲವನ್ನು ಕಾಲ ಹತ್ತಿರ ಇಟ್ಟು ಕುಕ್ಕರಗಾಲಲ್ಲಿ ಕೂರುತ್ತಾರೆ. ಒಂದು ಪುಸ್ತಕ ಎಳೆದು ನಡುವಿನ ಯಾವುದೋ ಪುಟ ತೆಗೆದು ಓದಲು ಶುರು ಮಾಡುತ್ತಾರೆ. ಆಗ ನಾನು ಮಾತಾಡಿಸುವುದಿಲ್ಲ. ಆ ಹೊತ್ತಿನಲ್ಲಿ ಬೆಲೆ ಹೇಳಿದರೆ ಎದ್ದು ಹೋಗಿಬಿಡುತ್ತಾರೆ. ಇದು ನಮ್ಮ ತಂದೆ ಕಲಿಸಿದ್ದು. ಪುಟ ತಿರುಗಿಸಲಿ, ಇನ್ನೊಂದು ಪುಟ ತಿರುಗಿಸಲಿ. ತಲೆ ಎತ್ತಿ ಅವರೇ ಕೇಳುತ್ತಾರೆ. ಈ ನಿಲ್ಲುವುದು, ವಾಪಸ್ ಬರುವುದು, ಕೂರುವುದು ಎಲ್ಲಾ ಆಗುವುದು ಅವರ ದಾರಿಯಲ್ಲಿ ನಾವು ಇದ್ದರೆ ಮಾತ್ರ.

ರಾತ್ರಿ ಪಾಳಿ ಮಾಡುವ ಸೆಕ್ಯುರಿಟಿಯವರೊಬ್ಬರು ಡ್ಯೂಟಿಗೆ ಹೋಗುತ್ತಾ ಪತ್ತೇದಾರಿ ಕಾದಂಬರಿ ಒಯ್ಯುತ್ತಾರೆ. ಓದಿ ವಾಪಸ್ ತಂದರೆ ಅರ್ಧ ಬೆಲೆ ಮುರಿದುಕೊಂಡು ಬೇರೆ ಕೊಡುತ್ತೇನೆ. ಗ್ರಂಥಾಲಯದ ಬಾಗಿಲು ತೆಗೆದಿರುವ ಹೊತ್ತಿಗೆ ಅವರು ಮಲಗಿರುತ್ತಾರೆ. ನಾವು ಇಲ್ಲಿಂದ ಎದ್ದರೆ ಅವರು ನಮ್ಮನ್ನು ಹುಡುಕಿಕೊಂಡು ಬೇರೆ ಬಡಾವಣೆಗೆ ಬರುತ್ತಾರೆ ಅಂತ ನನಗೆ ಅನ್ನಿಸುವುದಿಲ್ಲ. ಬರಬೇಕು ಅಂತ ಕೇಳುವುದೂ ತಪ್ಪು.

ಬೆಳಿಗ್ಗೆ ಟಾರ್ಪಾಲ್ ಹಾಸುವ ಮೊದಲು ನಾನು ಪೇಪರ್ ಓದುತ್ತೇನೆ. ಯಾವ ಮೂಟೆ ಬಿಚ್ಚಬೇಕು ಅಂತ ಅದರಿಂದಲೇ ಗೊತ್ತಾಗುವುದು. ಎಫ್‌ಡಿಎ, ಪಿಡಿಒ, ಕಾನ್‌ಸ್ಟೆಬಲ್ ಹುದ್ದೆಗೆ ಅರ್ಜಿ ಕರೆದಿದ್ದಾರೆ ಅಂದರೆ ಗೈಡ್‌ಗಳು ಮುಂದಿನ ಸಾಲಿಗೆ ಬರಬೇಕು. ಹಿರಿಯ ಸಾಹಿತಿ ತೀರಿಕೊಂಡರು ಅಂದರೆ ಮಧ್ಯಾಹ್ನದೊಳಗೆ ಅವರ ಪುಸ್ತಕ ಕೇಳಿಕೊಂಡು ಬರುತ್ತಾರೆ. ಬದುಕಿದ್ದಾಗ ಓದಲಿಲ್ಲವಲ್ಲ ಅಂತ ಸಂಕಟಪಡುವವರನ್ನು ನೋಡಿದ್ದೇನೆ. ನಾನು ಅವರಿಗೆ ಹೇಳುವುದು, ಈಗ ಓದಿ, ಅದೇ ಸಾಕು ಅಂತ.

ಸುದ್ದಿ ಮತ್ತು ಪುಸ್ತಕದ ನಂಟು ಎಷ್ಟು ಹತ್ತಿರದ್ದು ಅನ್ನುವುದು ನಮ್ಮ ಜಾಗದಲ್ಲಿ ಕೂತರೆ ಗೊತ್ತಾಗುತ್ತದೆ. 2023ರ ಸೆಪ್ಟೆಂಬರ್‌ನಲ್ಲಿ ಕಾವೇರಿ ನೀರಿಗಾಗಿ ಬಂದ್ ಆಯಿತು. 26ಕ್ಕೆ ಬೆಂಗಳೂರು, 29ಕ್ಕೆ ಇಡೀ ರಾಜ್ಯ. ಅಷ್ಟೂ ದಿನ ಟಿವಿಯಲ್ಲಿ ಕೂಗಾಟವೇ ಜಾಸ್ತಿ. ಬಂದ್ ಮುಗಿದ ಮೇಲೆ ಬ್ಯಾಂಕ್ ಕೆಲಸದಿಂದ ನಿವೃತ್ತರಾದ ಹಿರಿಯರೊಬ್ಬರು ಬಂದು, 1892ರಲ್ಲಿ, 1924ರಲ್ಲಿ ಮೈಸೂರು, ಮದ್ರಾಸ್ ಮಧ್ಯೆ ಆದ ನೀರಿನ ಒಪ್ಪಂದಗಳಲ್ಲಿ ನಿಜವಾಗಿ ಏನಿತ್ತು, ಅದನ್ನು ಹೇಳುವ ಪುಸ್ತಕ ಏನಾದರೂ ಇದೆಯಾ ಅಂತ ಕೇಳಿದರು. ಹಿಂದಿನ ಸಾಲಿನಲ್ಲಿ ಒಂದು ಹಳೆಯ ನೀರಾವರಿ ವರದಿ ಇತ್ತು. ಯಾರಿಗೂ ಬೇಡವಾಗಿ ಬಹಳ ಕಾಲದಿಂದ ಬಿದ್ದಿತ್ತು. ಅದನ್ನು ಕೊಟ್ಟೆ. ಸುದ್ದಿ ನಮ್ಮನ್ನು ರೇಗಿಸಿ ಹೊರಟುಹೋಗುತ್ತದೆ. ಆಮೇಲೆ ತಣ್ಣಗೆ ಕೂತು ವಿಷಯ ತಿಳಿದುಕೊಳ್ಳಬೇಕು ಅನ್ನುವವರಿಗೆ ಕೈಗೆ ಸಿಗುವ ಹಾಗೆ ಒಂದು ಪುಸ್ತಕ ಇರಬೇಕು.

2024ರ ಆಗಸ್ಟ್ 27ರ ಕೆಎಎಸ್ ಪೂರ್ವಭಾವಿ ಪರೀಕ್ಷೆ ನಿಮಗೆ ನೆನಪಿರಬಹುದು. ಕನ್ನಡದ ಪ್ರಶ್ನೆಗಳಲ್ಲಿ ತಪ್ಪುಗಳಿದ್ದವು ಅಂತ ಹೋರಾಟವಾಗಿ, ಡಿಸೆಂಬರ್ 29ಕ್ಕೆ ಮತ್ತೆ ಪರೀಕ್ಷೆ ಮಾಡಿದರು. ಮೊದಲ ಪರೀಕ್ಷೆ ಮುಗಿಸಿ ತಮ್ಮ ಗೈಡ್‌ಗಳನ್ನು ನಮಗೆ ಮಾರಿ ಹೋಗಿದ್ದ ಹುಡುಗರು ಅವನ್ನೇ ವಾಪಸ್ ಕೊಳ್ಳಲು ಬಂದರು. ವಿಜಯನಗರದ ಕೋಚಿಂಗ್, ಪಿಜಿ ಬಾಡಿಗೆ, ಊರಲ್ಲಿ ಅಪ್ಪನ ಸಾಲ, ಎಲ್ಲಾ ಹೇಳಿಕೊಂಡರು. ಒಬ್ಬ ಹುಡುಗನ ಗೈಡ್ ನನ್ನ ಹತ್ತಿರ ಹಾಗೇ ಇತ್ತು, ಅವನೇ ಕೆಂಪು ಪೆನ್ನಿನಲ್ಲಿ ಗೆರೆ ಎಳೆದಿದ್ದ ಪುಸ್ತಕ. ತಗೊಂಡ ಬೆಲೆಗೇ ಕೊಟ್ಟೆ. ಹೊಸ ಗೈಡ್‌ಗಳಿಗೆ ಮತ್ತೆ ಅಷ್ಟೂ ದುಡ್ಡು ಹಾಕಬೇಕಾಗಿದ್ದರೆ ಅವರಲ್ಲಿ ಕೆಲವರು ಪರೀಕ್ಷೆಯನ್ನೇ ಬಿಡುತ್ತಿದ್ದರು.

2025ರ ಮೇ ತಿಂಗಳಲ್ಲಿ ಬಾನು ಮುಷ್ತಾಕ್ ಅವರ ಕಥೆಗಳ ಇಂಗ್ಲಿಷ್ ಅನುವಾದಕ್ಕೆ, ಅನುವಾದ ಮಾಡಿದ ದೀಪಾ ಭಾಸ್ತಿ ಅವರ ಜೊತೆಯಲ್ಲಿ, ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ಬಂತು. ಕನ್ನಡಕ್ಕೆ ಅದು ಮೊದಲ ಸಲ. ಆ ವಾರ ನಮ್ಮ ಬೀದಿಯಲ್ಲಿ ಒಂದು ಬದಲಾವಣೆ ಕಂಡೆ. ಯಾವಾಗಲೂ ಇಂಗ್ಲಿಷ್ ಸಾಲಿನ ಎದುರೇ ನಿಲ್ಲುತ್ತಿದ್ದ ಹುಡುಗ ಹುಡುಗಿಯರು ಕನ್ನಡದ ಸಾಲಿಗೆ ಬಂದು ಬಾನು ಅವರ ಹೆಸರು ಹೇಳಿ ಪುಸ್ತಕ ಕೇಳಿದರು. ನನ್ನ ಹತ್ತಿರ ಅವರ ಪುಸ್ತಕ ಇರಲಿಲ್ಲ. ಎಂಬತ್ತು, ತೊಂಬತ್ತರ ದಶಕದ ಬೇರೆ ಲೇಖಕಿಯರ ಕಥೆಗಳನ್ನು ತೆಗೆದುಕೊಟ್ಟೆ. ಕೆಲವರು ಇಟ್ಟು ಹೋದರು, ಕೆಲವರು ಕೊಂಡರು. ಕೊಂಡವರಲ್ಲಿ ಒಂದಿಬ್ಬರು ಈಗಲೂ ಬರುತ್ತಾರೆ. ಕನ್ನಡ ಓದುವವರನ್ನು ಹೆಚ್ಚಿಸಬೇಕು ಅಂತ ವೇದಿಕೆಗಳಲ್ಲಿ ಮಾತಾಡುವುದನ್ನು ಕೇಳುತ್ತಿರುತ್ತೇವೆ ಅಲ್ವಾ, ಅದು ಆಗುವುದು ಹೀಗೆ, ಒಬ್ಬೊಬ್ಬರಾಗಿ, ನಿಂತ ಜಾಗದಲ್ಲಿ.

ಸರ್ಕಾರಕ್ಕೂ ಇದು ಗೊತ್ತಿದೆ. 2025ರ ಫೆಬ್ರವರಿ ಕೊನೆಯಲ್ಲಿ ವಿಧಾನಸೌಧದ ಆವರಣದಲ್ಲೇ ಪುಸ್ತಕ ಮೇಳ ಮಾಡಿ ಜನರನ್ನು ಒಳಗೆ ಬಿಟ್ಟರು. ನಾನೂ ಹೋಗಿದ್ದೆ, ತುಂಬ ಖುಷಿಯಾಯಿತು. ಆಸ್ತಿ ತೆರಿಗೆ ಜೊತೆ ಗ್ರಂಥಾಲಯ ಕರ ಅಂತ ಶೇ 6 ನೀವೆಲ್ಲ ಕಟ್ಟುತ್ತಲೇ ಇದ್ದೀರಿ. 1965ರ ಕಾಯ್ದೆಯಿಂದ ಬಂದ ಕರ ಅದು. ಅಂದರೆ ಓದು ಊರಿಗೆ ಬೇಕಾದ ಸಂಗತಿ ಅಂತ ಕಾನೂನೇ ಒಪ್ಪಿದೆ. ಮೇಳ ವರ್ಷದಲ್ಲಿ ಕೆಲವು ದಿನ. ನಾವು ಜೋರು ಮಳೆಯ ದಿನ ಬಿಟ್ಟರೆ ಹೆಚ್ಚುಕಡಿಮೆ ದಿನಾ ಇರುತ್ತೇವೆ.

ನಮ್ಮ ಪುಸ್ತಕ ಎಲ್ಲಿಂದ ಬರುತ್ತದೆ ಅನ್ನುವುದನ್ನೂ ಹೇಳಬೇಕು. ಚಾಮರಾಜಪೇಟೆ, ಬಸವನಗುಡಿ, ಮಲ್ಲೇಶ್ವರದಲ್ಲಿ ಹಳೇ ಮನೆ ಕೆಡವಿ ಅಪಾರ್ಟ್‌ಮೆಂಟ್ ಕಟ್ಟುತ್ತಾರೆ. ಹಿರಿಯರು ಹೋಗಿರುತ್ತಾರೆ, ಮಕ್ಕಳು ಬೇರೆ ದೇಶದಲ್ಲಿರುತ್ತಾರೆ. ಬೀರುವಿನಲ್ಲಿದ್ದ ಪುಸ್ತಕ ಹಳೇ ಪೇಪರ್ ಅಂಗಡಿಗೆ ಕೆಜಿ ಲೆಕ್ಕದಲ್ಲಿ ಹೋಗುತ್ತದೆ. ಅಂಗಡಿಯವರು ನಮಗೆ ಫೋನ್ ಮಾಡುತ್ತಾರೆ. ನಾವು ಬೇಗ ಹೋದರೆ ಆರಿಸಿಕೊಳ್ಳುತ್ತೇವೆ. ತಡವಾದರೆ ಲಾರಿ ಹತ್ತಿ ಪೇಪರ್ ಮಿಲ್ಲಿಗೆ ಹೋಗಿ ನೀರಲ್ಲಿ ಕರಗುತ್ತದೆ. ಅಲ್ಲಿಂದ ಆಚೆ ಆ ಪುಸ್ತಕ ಇಲ್ಲ.

ಅಂಥ ಒಂದು ಲಾಟ್‌ನಲ್ಲಿ ಬಂದ ಕಾದಂಬರಿಯ ಮೊದಲ ಪುಟದಲ್ಲಿ ನೀಲಿ ಇಂಕಿನಲ್ಲಿ ಬರೆದಿತ್ತು, ಮದುವೆಯ ದಿನ ಗೆಳತಿಗೆ ಪ್ರೀತಿಯ ಕಾಣಿಕೆ, 1968 ಅಂತ. ಒಳಗೆ ಅಲ್ಲಲ್ಲಿ ಪೆನ್ಸಿಲ್ ಗುರುತು. ಒಂದು ಪುಟದ ಅಂಚಿನಲ್ಲಿ 'ನಿಜ' ಅಂತ ಒಂದೇ ಪದ. ಮದುವೆಗೆ ಪುಸ್ತಕ ಕೊಡುತ್ತಿದ್ದ ಕಾಲ ಒಂದಿತ್ತು, ತಗೊಂಡವರು ಅದನ್ನು ಹೀಗೆ ಓದುತ್ತಿದ್ದರು. ಆ ಪುಸ್ತಕವನ್ನು ಹೆಣ್ಣುಮಕ್ಕಳ ಓದಿನ ಮೇಲೆ ಪಿಎಚ್‌ಡಿ ಮಾಡುತ್ತಿದ್ದ ವಿದ್ಯಾರ್ಥಿನಿಯೊಬ್ಬರು ಕೊಂಡರು. ಅವರು ನಮ್ಮ ಹತ್ತಿರ ಹುಡುಕಿದ್ದು ಗ್ರಂಥಾಲಯದಲ್ಲಿ ಸಿಗದ ಇಂಥ ಗುರುತುಗಳನ್ನೇ. ಅವರು ಮನೆಯಿಂದ ಹೊರಟಿದ್ದು ಇದಕ್ಕಲ್ಲ. ಚಿಕ್ಕಪೇಟೆಗೆ ಸೀರೆಗೆ ಫಾಲ್ಸ್ ತರಲು ಬಂದಿದ್ದರು.

ಈಗ ಕಾನೂನಿನ ಮಾತಿಗೆ ಬರುತ್ತೇನೆ. ಫುಟ್‌ಪಾತ್‌ನಲ್ಲಿ ಕೂತವರು ಅಕ್ರಮ ಅಂತಲೇ ಬಹಳ ಜನ ಅಂದುಕೊಂಡಿದ್ದಾರೆ. 1989ರಲ್ಲೇ ಸೋಧನ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಬೀದಿಯಲ್ಲಿ ವ್ಯಾಪಾರ ಮಾಡುವುದು ಸಂವಿಧಾನ ಕೊಟ್ಟ ಹಕ್ಕು, ಅದಕ್ಕೆ ಸರಿಯಾದ ಕಟ್ಟುಪಾಡು ಹಾಕಬಹುದು ಅಷ್ಟೇ ಅಂತ ಹೇಳಿತು. 2014ರ ಮೇ 1ರಿಂದ ಬೀದಿ ವ್ಯಾಪಾರಿಗಳ ಕಾಯ್ದೆ ಜಾರಿಯಲ್ಲಿದೆ. ಐದು ವರ್ಷಕ್ಕೆ ಒಂದು ಸಲವಾದರೂ ಸಮೀಕ್ಷೆ ಮಾಡಬೇಕು. ಸಮೀಕ್ಷೆ ಮುಗಿದು ವ್ಯಾಪಾರದ ಪ್ರಮಾಣಪತ್ರ ಕೊಡುವ ತನಕ ಯಾರನ್ನೂ ಎಬ್ಬಿಸಬಾರದು. ಎಬ್ಬಿಸಲೇಬೇಕು ಅಂದರೆ ಮೂವತ್ತು ದಿನ ಮೊದಲು ನೋಟಿಸ್ ಕೊಡಬೇಕು. ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಕನಿಷ್ಠ ಶೇ 40 ಮಂದಿ ವ್ಯಾಪಾರಿಗಳೇ ಇರಬೇಕು, ಅವರಲ್ಲಿ ಮೂರನೇ ಒಂದು ಭಾಗ ಹೆಣ್ಣುಮಕ್ಕಳು.

ಇದೇ ಕಾಯ್ದೆಯ ಎರಡನೇ ಅನುಸೂಚಿಯಲ್ಲಿ ಇನ್ನೊಂದು ಮಾತಿದೆ. ಐವತ್ತು ವರ್ಷಕ್ಕಿಂತ ಜಾಸ್ತಿ ಕಾಲದಿಂದ ಬೀದಿ ವ್ಯಾಪಾರ ನಡೆದುಕೊಂಡು ಬಂದ ಸಹಜ ಮಾರುಕಟ್ಟೆಯನ್ನು, ಅಂದರೆ ಕೊಳ್ಳುವವರು, ಮಾರುವವರು ರೂಢಿಯಿಂದ ಸೇರುತ್ತಾ ಬಂದ ಜಾಗವನ್ನು, ಪಾರಂಪರಿಕ ಮಾರುಕಟ್ಟೆ ಅಂತ ಘೋಷಿಸಬೇಕು, ಅಲ್ಲಿನವರನ್ನು ಬೇರೆ ಕಡೆ ಕಳಿಸಬಾರದು. ಅವೆನ್ಯೂ ರಸ್ತೆ ಹಿಂದೆ ದೊಡ್ಡಪೇಟೆಯಾಗಿತ್ತು. ಮೈಸೂರು ಬ್ಯಾಂಕ್ ಸರ್ಕಲ್ಲಿನಿಂದ ಕೆ.ಆರ್. ಮಾರ್ಕೆಟ್ ತನಕದ ದಾರಿ. ಬ್ಯಾಂಕೇ 2017ರಲ್ಲಿ ಸ್ಟೇಟ್ ಬ್ಯಾಂಕ್ ಒಳಗೆ ಸೇರಿಹೋಯಿತು, ಸರ್ಕಲ್ಲಿನ ಹೆಸರು ಜನರ ಬಾಯಲ್ಲಿ ಹಾಗೇ ಇದೆ. ಸೆಂಟ್ರಲ್ ಕಾಲೇಜು, ಮಹಾರಾಣಿ ಕಾಲೇಜು, ಯುವಿಸಿಇ ಎಂಜಿನಿಯರಿಂಗ್ ಕಾಲೇಜು ಎಲ್ಲಾ ನಡೆದು ಬರುವಷ್ಟು ಹತ್ತಿರ. ಪುಸ್ತಕದ ವ್ಯಾಪಾರ ಇಲ್ಲಿ ಬೆಳೆದದ್ದು ಸುಮ್ನೆ ಅಲ್ಲ. ಈ ವ್ಯಾಪಾರಕ್ಕೆ ಎಷ್ಟು ವರ್ಷವಾಯಿತು ಅನ್ನುವುದನ್ನು ನೀವೇ ವಿಚಾರಿಸಿ. ಹಳೇ ವ್ಯಾಪಾರಿಗಳನ್ನು, ಕಾಲೇಜಿನ ಹಳೇ ಮೇಷ್ಟ್ರುಗಳನ್ನು ಕೂರಿಸಿ ಕೇಳಿ, ದಾಖಲೆ ಮಾಡಿ. ಐವತ್ತು ದಾಟಿದೆ ಅಂತ ನಿಮಗೆ ಖಾತ್ರಿಯಾದರೆ ಕಾಯ್ದೆ ಹೇಳಿದ್ದನ್ನು ಮಾಡಿ.

ಸಮಿತಿಯಲ್ಲಿ ವ್ಯಾಪಾರಿಗಳಿಗೆ ಜಾಗ ಇರುವುದು ಒಳ್ಳೆಯದೇ. ಆದರೆ ಬೀದಿ ವ್ಯಾಪಾರಿಗಳ ಒಳಗೇ ನಾವು ಬಹಳ ಕಡಿಮೆ ಜನ. ಹೂವು, ಹಣ್ಣು, ಬಟ್ಟೆ, ತಿಂಡಿ ಮಾರುವವರ ಮುಂದೆ ನಾವು ಸಮಿತಿಯ ಚುನಾವಣೆಯಲ್ಲಿ ಗೆಲ್ಲುವ ಸಂಖ್ಯೆ ಅಲ್ಲ. ಆದ್ದರಿಂದ ಜಾಗದ ತೀರ್ಮಾನ ಮಾಡುವ ದಿನ ಪುಸ್ತಕದವರನ್ನು ಬೇರೆಯಾಗಿ ಕರೆದು ಒಂದು ಗಂಟೆ ಮಾತು ಕೇಳಿ.

ಸಾಮಾನು ವಶಪಡಿಸಿಕೊಳ್ಳುವ ವಿಷಯದಲ್ಲಿ ಒಂದು ಸಂಗತಿ ಯಾರ ಗಮನಕ್ಕೂ ಬಂದಂತಿಲ್ಲ. ಕಾಯ್ದೆ ಪ್ರಕಾರ ವಶಕ್ಕೆ ತಗೊಂಡ ಸಾಮಾನಿನ ಪಟ್ಟಿ ಕೊಡಬೇಕು. ಕೆಡುವ ಸಾಮಾನಾದರೆ ಕೇಳಿದ ದಿನವೇ ವಾಪಸ್ ಕೊಡಬೇಕು, ಕೆಡದ ಸಾಮಾನಾದರೆ ಎರಡು ಕೆಲಸದ ದಿನದೊಳಗೆ. ಪುಸ್ತಕ ಕೆಡದ ಸಾಮಾನಿನ ಲೆಕ್ಕಕ್ಕೆ ಬರುತ್ತದೆ. ಆದರೆ ಬೆಂಗಳೂರಿನ ಮಳೆಯಲ್ಲಿ ತೆರೆದ ಗಾಡಿಯಲ್ಲಿ ಒಂದು ಗಂಟೆ ಬಿದ್ದರೆ ಪುಸ್ತಕದ ಕಥೆ ಮುಗಿಯಿತು. ಟೊಮೆಟೊ ನೆನೆದರೆ ಒರೆಸಿ ಮಾರಬಹುದು. ನೆನೆದ ಪುಸ್ತಕದ ಹಾಳೆ ಒಂದಕ್ಕೊಂದು ಅಂಟಿಕೊಂಡು, ಒಣಗಿದ ಮೇಲೆ ಉಬ್ಬಿ, ವಾರದಲ್ಲಿ ಬೂಷ್ಟು ಹಿಡಿಯುತ್ತದೆ. ಮುಚ್ಚಿದ ಗಾಡಿ, ಒಣ ಜಾಗ, ಅದೇ ದಿನ ವಾಪಸ್, ಇಷ್ಟನ್ನು ಒಂದು ಸುತ್ತೋಲೆಯಲ್ಲಿ ಬರೆದರೆ ಸಾಕು. ಖರ್ಚಿನ ಕೆಲಸ ಅಲ್ಲ.

ದೆಹಲಿಯ ದರಿಯಾಗಂಜ್ ಉದಾಹರಣೆ ನಿಮ್ಮ ಅಧಿಕಾರಿಗಳು ಕೊಡಬಹುದು. ಅಲ್ಲಿನ ಭಾನುವಾರದ ಪುಸ್ತಕ ಸಂತೆಯನ್ನು 2019ರಲ್ಲಿ ಹೈಕೋರ್ಟ್ ಆದೇಶದ ಮೇಲೆ ಫುಟ್‌ಪಾತ್‌ನಿಂದ ಎಬ್ಬಿಸಿ, ಮಹಿಳಾ ಹಾಟ್ ಅನ್ನುವ ಕಾಂಪೌಂಡ್ ಇರುವ ಜಾಗಕ್ಕೆ ಕಳಿಸಿದರು. ಸಂತೆ ಉಳಿದುಕೊಂಡಿತು, ಅದು ನಿಜ. ಆದರೆ ಅದು ವಾರಕ್ಕೊಂದು ದಿನದ ಸಂತೆ. ಜನ ಅದಕ್ಕೆಂದೇ ಬಿಡುವು ಮಾಡಿಕೊಂಡು ಹೋಗುತ್ತಾರೆ. ಹೊಸ ಜಾಗವೂ ಹಳೆಯದಕ್ಕೆ ಹತ್ತಿರವೇ ಇತ್ತು. ನಮ್ಮದು ದಿನದ ವ್ಯಾಪಾರ, ದಾರಿಹೋಕರ ವ್ಯಾಪಾರ. ಎರಡನ್ನೂ ಒಂದೇ ಅಂತ ನೋಡಬೇಡಿ. ಪ್ಯಾರಿಸ್‌ನ ಸೀನ್ ನದಿ ದಂಡೆಯಲ್ಲೂ ಹಳೇ ಪುಸ್ತಕದವರ ಹಸಿರು ಪೆಟ್ಟಿಗೆಗಳಿವೆ. 2024ರ ಒಲಿಂಪಿಕ್ಸ್ ಉದ್ಘಾಟನೆಗೆ ಭದ್ರತೆಯ ಕಾರಣಕ್ಕೆ ನೂರಾರು ಪೆಟ್ಟಿಗೆ ತೆಗೆಯಬೇಕು ಅಂತ ಅಲ್ಲಿನ ಪೊಲೀಸರು 2023ರಲ್ಲಿ ಹೇಳಿದ್ದರು. ವ್ಯಾಪಾರಿಗಳು ಒಪ್ಪಲಿಲ್ಲ. ಕೊನೆಗೆ 2024ರ ಫೆಬ್ರವರಿಯಲ್ಲಿ ಅಧ್ಯಕ್ಷ ಮ್ಯಾಕ್ರನ್ ಅವರೇ ಪೆಟ್ಟಿಗೆಗಳು ಇದ್ದಲ್ಲೇ ಇರಲಿ ಅಂದರು. ಅಷ್ಟು ದೊಡ್ಡ ಸಮಾರಂಭಕ್ಕೂ ಅವರನ್ನು ಎಬ್ಬಿಸಲಿಲ್ಲ.

ನಡೆಯುವವರ ಕಷ್ಟ ನನಗೆ ಗೊತ್ತಿಲ್ಲದ್ದಲ್ಲ. ನಮ್ಮ ವ್ಯಾಪಾರ ನಿಂತಿರುವುದೇ ನಡೆಯುವವರ ಮೇಲೆ. ವಯಸ್ಸಾದವರು, ಗಾಲಿಕುರ್ಚಿಯವರು, ಮಗು ಎತ್ತಿಕೊಂಡವರು ನಮ್ಮಿಂದಾಗಿ ರಸ್ತೆಗೆ ಇಳಿಯುವ ಹಾಗೆ ಆಗಬಾರದು. ಫುಟ್‌ಪಾತ್‌ನಲ್ಲಿ ಕನಿಷ್ಠ 1.8 ಮೀಟರ್ ನಡೆಯಲು ಖಾಲಿ ಇರಬೇಕು ಅಂತ ಭಾರತೀಯ ರಸ್ತೆ ಕಾಂಗ್ರೆಸ್‌ನ ಮಾರ್ಗಸೂಚಿ ಹೇಳುತ್ತದೆ. ಅಷ್ಟು ಬಿಟ್ಟು ಗೋಡೆ ಕಡೆ ಬಣ್ಣದ ಗೆರೆ ಎಳೆಯಿರಿ. ಗೆರೆ ದಾಟಿ ಪುಸ್ತಕ ಹರಡಿದವರಿಗೆ ದಂಡ ಹಾಕಿ, ನಾನು ನಿಮ್ಮ ಪರವಾಗಿ ಮಾತಾಡುತ್ತೇನೆ. ಗೆರೆ ಎಳೆಯುವಷ್ಟು ಅಗಲ ಇಲ್ಲದ ಕಡೆ ನಾವು ಇರಬಾರದು. ಫುಟ್‌ಪಾತ್ ಮೇಲೆ ನಿಲ್ಲಿಸುವ ಬೈಕ್‌ಗಳಿಗೂ ಅದೇ ಗೆರೆ ಅನ್ವಯವಾಗಲಿ.

ನಕಲಿ ಪುಸ್ತಕದ ಮಾತನ್ನೂ ಮುಚ್ಚಿಡುವುದಿಲ್ಲ. ಹೊಸದಾಗಿ ಬಂದು ಜೋರಾಗಿ ಮಾರಾಟವಾಗುವ ಪುಸ್ತಕಗಳ ಕಳ್ಳ ಅಚ್ಚು ಫುಟ್‌ಪಾತ್‌ಗಳಲ್ಲಿ ಸಿಗುತ್ತದೆ. ತೆಳು ಕಾಗದ, ಮಸುಕು ಅಕ್ಷರ, ಅಂಟು ಬಿಡುವ ಬೆನ್ನು. ಬರೆದವರಿಗೆ, ಪ್ರಕಾಶಕರಿಗೆ ಅದರಿಂದ ಒಂದು ಪೈಸೆ ಹೋಗುವುದಿಲ್ಲ. ನಾನು ಅದನ್ನು ಇಡುವುದಿಲ್ಲ, ಇಡುವುದು ತಪ್ಪು ಅಂತ ಜೊತೆಯವರಿಗೂ ಹೇಳುತ್ತೇನೆ. 1957ರ ಹಕ್ಕುಸ್ವಾಮ್ಯ ಕಾಯ್ದೆಯಲ್ಲಿ ಇದಕ್ಕೆ ಆರು ತಿಂಗಳಿಂದ ಮೂರು ವರ್ಷ ತನಕ ಜೈಲು ಇದೆ. ಕ್ರಮ ತಗೊಳ್ಳಿ, ಆದರೆ ಅಚ್ಚು ಹಾಕುವವರಿಂದ ಶುರು ಮಾಡಿ. ಒಬ್ಬರು ಓದಿ ಮುಗಿಸಿದ ಅಸಲಿ ಪುಸ್ತಕವನ್ನು ಇನ್ನೊಬ್ಬರಿಗೆ ಮಾರುವ ನಮ್ಮನ್ನು ಆ ಗುಂಪಿಗೆ ಸೇರಿಸಬೇಡಿ.

ಓದುಗರಿಗೆ ಎರಡು ಮಾತು. ಮನೆ ಖಾಲಿ ಮಾಡುವಾಗ ಪುಸ್ತಕವನ್ನು ಪೇಪರ್ ಜೊತೆ ತೂಕಕ್ಕೆ ಹಾಕುವ ಮೊದಲು ನಮ್ಮಲ್ಲಿ ಯಾರನ್ನಾದರೂ ಕರೆಯಿರಿ. ಕನ್ನಡದ ಹಳೇ ಮಾಸಪತ್ರಿಕೆ, ಊರಿನ ಸ್ಮರಣಸಂಚಿಕೆ, ಜಾತ್ರೆಯಲ್ಲಿ ಕೊಂಡ ಸಣ್ಣ ಪುಸ್ತಕ, ಇವು ಬೆಲೆಯಿಲ್ಲದವು ಅಂತ ಅಂದುಕೊಳ್ಳಬೇಡಿ. ಅವನ್ನೇ ಹುಡುಕುವವರಿದ್ದಾರೆ. ಮತ್ತೆ, ಚಿಕ್ಕಪೇಟೆ ಮೆಟ್ರೋ ಸ್ಟೇಷನ್ 2017ರಿಂದ ಇದೆ. ನೆಲದ ಕೆಳಗಿಂದಲೇ ಹಾದುಹೋಗುವವರು ಒಂದು ಸಲ ಮೇಲೆ ಬಂದು ನಡೆಯಿರಿ.

ಆಯುಕ್ತರೇ, 2025ರ ಸೆಪ್ಟೆಂಬರ್‌ನಿಂದ ನಮ್ಮ ಊರಿಗೆ ಐದು ಪಾಲಿಕೆಗಳು ಬಂದಿವೆ. ಹೊಸ ಕಚೇರಿ, ಹೊಸ ಗಡಿ, ಹೊಸ ಪಟ್ಟಿಗಳು. ಮುಂದಿನ ಸಮೀಕ್ಷೆಯ ನಮೂನೆಯಲ್ಲಿ 'ಇತರೆ' ಅನ್ನುವ ಕಡೆ ನಮ್ಮನ್ನು ಹಾಕದೆ 'ಪುಸ್ತಕ' ಅಂತಲೇ ಒಂದು ಸಾಲು ಇಡಿಸಿ. ಎಣಿಸಲು ಬರುವವರನ್ನು ಬೆಳಿಗ್ಗೆ ಒಂಬತ್ತಕ್ಕೆ ಕಳಿಸಬೇಡಿ, ಆಗ ನಮ್ಮಲ್ಲಿ ಬಹಳ ಜನ ಪೇಪರ್ ಅಂಗಡಿಗಳ ಸುತ್ತು ಹೊಡೆಯುತ್ತಿರುತ್ತೇವೆ. ಹನ್ನೊಂದರ ಮೇಲೆ ಬಂದರೆ ಎಲ್ಲರೂ ಸಿಗುತ್ತೇವೆ. ಆಧಾರ್, ಹಳೇ ಗುರುತಿನ ಚೀಟಿ, ಕಟ್ಟಿದ ಶುಲ್ಕದ ರಸೀದಿ, ಎಲ್ಲಾ ಜೊತೆಯಲ್ಲೇ ಇರುತ್ತದೆ. ಸಂಜೆಯ ತನಕ ಇದ್ದು, ಎಷ್ಟು ಜನ ನಿಂತರು ಅನ್ನುವುದನ್ನೂ ಎಣಿಸಿಕೊಂಡು ಹೋಗಲಿ. ಜಾಗದ ತೀರ್ಮಾನ ಮಾಡುವಾಗ ಆ ಲೆಕ್ಕ ನಿಮ್ಮ ಮೇಜಿನ ಮೇಲಿರಲಿ.

ಇಂತಿ,
ಅವೆನ್ಯೂ ರಸ್ತೆಯ ಒಬ್ಬ ಹಳೇ ಪುಸ್ತಕದ ವ್ಯಾಪಾರಿ